ಜೋಳದ ಡಬ್ಬಿಯೊಳಗಿನ ಗಂಟು

“ಅಜ್ಜನ ಓಲೆಗರಿ ಗಂಟು ಎಲ್ಲೈತಿ ತಂಗೀ?” ಎಂದು ಅಣ್ಣ ಬಾಗಿಲಲ್ಲೇ ನಿಂತು ಕೇಳಿದಾಗ, ಕತ್ತರಿಸುತ್ತಿದ್ದ ಬೀಡಿ ಎಲೆ ನನ್ನ ಕೈಯಲ್ಲೇ ಹರಿಯಿತು. ಅಣ್ಣ ಪ್ರಾಕೃತ, ಹಳಗನ್ನಡ ಓದಿದ ಪಂಡಿತ. ಮಾರ್ಕ್ಸ್‌ವಾದಿ ಬೇರೆ. ಮೀಸೆ ಬಂದಾಗಿನಿಂದ ನಿಪ್ಪಾಣಿಯ ನಮ್ಮ ಬಸದಿಯ ಮೆಟ್ಟಿಲು ಹತ್ತಿದವನಲ್ಲ. ಅಂಥವನಿಗೆ ಶಾಸ್ತ್ರದ ಗಂಟು ಯಾಕೆ? ಕೊಲ್ಹಾಪುರಕ್ಕೆ ಒಯ್ದು ಮಾರಲಿಕ್ಕೇ ಬಂದಿದ್ದಾನೆ ಅನಿಸಿತು.

“ದೇವ್ರ ಇಲ್ಲ ಅನ್ನಾಂವಗ ಶಾಸ್ತ್ರ ಯಾಕ ಬೇಕೋ? ಗೆದ್ದಲ ತಿಂದು ಹೋತು,” ಎಂದು ಸುಳ್ಳು ಹೇಳಿದೆ. ಗಂಟು ಜೋಳದ ಡಬ್ಬಿಯಲ್ಲಿತ್ತು.

ಅವನು ಪೆಚ್ಚಾಗಿ ಕೂತ. ಚಹಾ ಕೊಡುವಾಗಲೂ ನನ್ನ ಕಣ್ಣು ಅವನ ಚೀಲದ ಮೇಲೇ ಇತ್ತು.

“ಕಡೀ ಗರ್ಯಾಗ, ಅದನ್ನ ಬಗ್ಗಿ ಕೂತು ನಕಲ ಮಾಡಿದಾಂವ ತನ್ನ ಬೆನ್ನನೋವ ಹೇಳ್ಕೊಂಡಿರ್ತಾನ. ಶಾಸ್ತ್ರಕ್ಕ ಎಲ್ಲಾರೂ ಕೈ ಮುಗೀತಾರ, ಅವನ ಬೆನ್ನ ಯಾರೂ ನೋಡಂಗಿಲ್ಲ. ಅವನ ಹೆಸರಷ್ಟ ಬರ್ಕೊಂಡು ಹೋಗೂಣು ಅಂತ ಬಂದಿದ್ದೆ,” ಎಂದ. ಹೊರಡುವಾಗ, ನಲವತ್ತು ವರ್ಷ ಬೀಡಿ ಸುತ್ತಿ ಬಾಗಿದ ನನ್ನ ಬೆನ್ನು ಸವರಿದ.

ಅವನು ಹೋದ ಮೇಲೆ ಗಂಟು ಬಿಚ್ಚಿದೆ. ಮೂರನೇ ಇಯತ್ತೆ ಓದಿದ ನನಗೆ ಕಡೇ ಗರಿಯ ಒಂದಕ್ಷರವೂ ತಿಳಿಯಲಿಲ್ಲ. ಎದುರಿಗೆ ಹೇಳಲು ಬಾಯಿ ಬರುತ್ತಿಲ್ಲ. ಅವನು ದಿನಾ ಈ ಪತ್ರಿಕೆ ಓದುತ್ತಾನೆ, ಅದಕ್ಕೇ ಇದನ್ನು ಬರೆಸಿ ಇಲ್ಲಿಗೆ ಕಳಿಸಿದ್ದೇನೆ. ಅಣ್ಣಾ, ಗೆದ್ದಲು ಏನೂ ತಿಂದಿಲ್ಲ. ಬಂದು ಆ ಹೆಸರು ನನಗೂ ಓದಿ ಹೇಳು.