ಸಚಿವರ ಕಣ್ಣು ಮತ್ತು ನೆರಿಯದ ತೂಗುಸೇತುವೆ

ಈಗ ನಮ್ಮ ಕಡೆ ಯಾವ ಸಭೆಗೆ ಹೋದರೂ ದೀಪ ಬೆಳಗುವ ಬದಲು ಹಿಂಗಾರ ಅರಳಿಸಿ ಉದ್ಘಾಟನೆ ಮಾಡುವುದುಂಟು. ಅಡಿಕೆಯ ಹೂಗೊಂಚಲಿನ ಕವಚವನ್ನು ಎರಡೂ ಕೈಯಿಂದ ಬಿಡಿಸಿದರೆ ಒಳಗಿನ ಬಿಳಿ ಹೂವು ಚೆಲ್ಲಿಕೊಳ್ಳುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ. ಇದು ನಮ್ಮ ಪುರಾತನ ಸಂಸ್ಕೃತಿಯೆಂದು ನಿರೂಪಕರು ಮೈಕಿನಲ್ಲಿ ಸಾರುವುದನ್ನು ನಾನು ಮುಂದಿನ ಸಾಲಿನಲ್ಲಿ ಕುಳಿತು ಗಂಭೀರವಾಗಿ ಕೇಳುತ್ತೇನೆ. ಬೇರೆ ಊರಿನ ಮಾತು ನನಗೆ ಗೊತ್ತಿಲ್ಲ. ಮೂಡುಬಿದಿರೆಯಿಂದ ಬೆಳ್ತಂಗಡಿಯವರೆಗೆ ಈ ಪುರಾತನ ಸಂಸ್ಕೃತಿ ಹಬ್ಬಿದ್ದು ಒಬ್ಬ ಸಚಿವರ ಕಣ್ಣಿನ ನರ ಒಣಗಿದ್ದರಿಂದ.

ನಾನು ಹೈಸ್ಕೂಲಿನ ಕನ್ನಡ ಪಂಡಿತ. ತೊಂಬತ್ತರ ದಶಕದ ಆರಂಭದಲ್ಲಿ ಸಚಿವರ ಭಾಷಣ ಬರೆದುಕೊಡಲು ನಿಯೋಜನೆಯ ಮೇಲೆ ಹೋದವನು, ಎರವಲು ಕೊಟ್ಟ ಪುಸ್ತಕದಂತೆ ಮತ್ತೆ ಶಾಲೆಗೆ ಮರಳಲೇ ಇಲ್ಲ. ಅವರು ಎಷ್ಟು ಕಾಲದಿಂದ ಸಚಿವರಾಗಿದ್ದರೆಂದರೆ, ಸರಕಾರ ಬದಲಾದಾಗ ಊರಿನವರು ಮುಖ್ಯಮಂತ್ರಿ ಯಾರೆಂದು ಕೇಳುತ್ತಿದ್ದರೇ ಹೊರತು ನಮ್ಮವರು ಸಂಪುಟದಲ್ಲಿ ಇದ್ದಾರೆಯೇ ಎಂದು ಕೇಳುತ್ತಿರಲಿಲ್ಲ. ಬಂದರು, ಸಹಕಾರ, ಸಣ್ಣ ನೀರಾವರಿ ಎಂದು ಖಾತೆಗಳು ಬರುತ್ತಿದ್ದವು, ಹೋಗುತ್ತಿದ್ದವು. ಒಮ್ಮೆ ಬಂದೀಖಾನೆ ಕೊಟ್ಟರು. "ನಮ್ಮ ಕ್ಷೇತ್ರದಲ್ಲಿ ಅದರ ಫಲಾನುಭವಿಗಳು ಕಡಿಮೆ ಮಾರಾಯ" ಎಂದು ಅವರು ಬೇಸರಪಟ್ಟದ್ದು ನನಗೆ ನೆನಪಿದೆ.

ಅವರ ನಿಜವಾದ ಖಾತೆ ಬೇರೆ ಇತ್ತು. ಜನ ರಾಜಕಾರಣಿಯ ಹತ್ತಿರ ಮೊದಲು ಕೇಳುವುದು ರಸ್ತೆ, ನೀರು ಎಂಬುದು ಪತ್ರಿಕೆಯವರ ಕಲ್ಪನೆ. ನಮ್ಮವರು ಎದುರು ಬಂದು, ಕೈಮುಗಿದು, ನಗುತ್ತಾ ಕೇಳುವುದು ಒಂದೇ ಮಾತು: "ಗುರ್ತ ಉಂಟಾ?" ಅದೊಂದು ಪರೀಕ್ಷೆ. ಕೇಳಿದವನು ಸುಳಿವು ಕೊಡುವುದಿಲ್ಲ, ಸುಮ್ಮನೆ ನಿಲ್ಲುತ್ತಾನೆ. ಗುರುತು ಸಿಗಲಿಲ್ಲವೋ, ಆ ಮನೆಯ ಓಟು, ಆ ಮನೆಯಿಂದ ಹೆಣ್ಣು ತಂದ ಮನೆಯ ಓಟು, ಎಲ್ಲವೂ ಹೊಳೆಯ ಪಾಲು. ನಮ್ಮ ಸಚಿವರು ಆ ಪರೀಕ್ಷೆಯಲ್ಲಿ ಸದಾ ಪ್ರಥಮ ದರ್ಜೆ. "ನರಿಕೊಂಬಿನ ಹೊಳೆಬದಿಯವನಲ್ವಾ ನೀನು? ಅಪ್ಪನ ದಮ್ಮು ಹೇಗುಂಟು?" ಎಂದರೆ ಎದುರಿದ್ದವನು ಕರಗಿ ನೀರಾಗುತ್ತಿದ್ದ.

ಅಂಥವರಿಗೆ ಕಣ್ಣಿನ ಒತ್ತಡದ ರೋಗ ಬಂತು. ಮೊದಲು ಪಕ್ಕದಲ್ಲಿದ್ದದ್ದು ಕಾಣಲಿಲ್ಲ. ಆಮೇಲೆ ಎದುರಿದ್ದದ್ದಕ್ಕೂ ಮಂಜು ಮುಸುಕಿತು. ಹೋದ ನೋಟ ಹೋಯಿತು, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದು ಮಂಗಳೂರಿನ ವೈದ್ಯರು ಹನಿ ಔಷಧ ಕೊಟ್ಟರು. ಊರಿನಲ್ಲಿ ಇದು ಗೊತ್ತಿದ್ದದ್ದು ಅವರ ಹೆಂಡತಿಗೆ, ಕಾರಿನ ಚಾಲಕನಿಗೆ, ನನಗೆ. ಚಾಲಕ ಗಲ್ಫಿನಲ್ಲಿ ದುಡಿದು ಮರಳಿದ ಬ್ಯಾರಿ ಮುಸಲ್ಮಾನ. ಬಾಯಿ ದೊಡ್ಡದಾದರೂ ಗುಟ್ಟು ಬಿಡದವನು.

"ಪಕ್ಷಕ್ಕೆ ಗೊತ್ತಾದರೆ ಟಿಕೆಟು ಹೋಗ್ತದೆ. ಟಿಕೆಟು ಹೋದರೆ ಮನೆಯಲ್ಲಿ ಕೂತು ಎಂತ ಮಾಡುವುದು ನಾನು? ಟಿವಿ ನೋಡುವ ಅಂದರೆ ಅದೂ ಕಾಣುವುದಿಲ್ಲ" ಎಂದರು ಸಚಿವರು.

ಹೀಗೆ ನಮ್ಮ ಗುಪ್ತ ಇಲಾಖೆ ಶುರುವಾಯಿತು. ಕಾರು ನಿಲ್ಲುವ ಮೊದಲೇ ಯಾರು ಎಲ್ಲಿ ನಿಂತಿದ್ದಾರೆಂದು ಚಾಲಕ ಹೇಳುತ್ತಿದ್ದ. ಇಳಿದ ಮೇಲೆ ನಾನು ಎಡಭುಜಕ್ಕೆ ಅಂಟಿ ನಡೆಯುತ್ತಿದ್ದೆ. "ಗುರ್ತ ಉಂಟಾ?" ಎಂದವರಿಗೆ ಸಚಿವರು, "ಅದಿರಲಿ, ನಿನಗೆ ನನ್ನ ಗುರ್ತ ಉಂಟಾ? ಮನೆ ಕಡೆ ಬಾರದೆ ಎಷ್ಟು ಕಾಲ ಆಯಿತು?" ಎಂದು ತಿರುಗಿ ಕೇಳುತ್ತಿದ್ದರು. ಅವನು ಸಮಜಾಯಿಷಿ ಹೇಳಲು ಬಾಯಿ ತೆರೆದರೆ ಸ್ವರ ಸಿಕ್ಕಿತು, ಸ್ವರ ಸಿಕ್ಕಿದರೆ ಮನೆ, ಅಪ್ಪ, ದಮ್ಮು ಎಲ್ಲವೂ ಸಿಕ್ಕಿತು. ಉಳಿದದ್ದು ದೀಪ. ಕಣ್ಣು ಕಾಣದವರು ಬತ್ತಿ ಹಚ್ಚುವುದು ಹೇಗೆ? ಸಚಿವರಿಗೆ ಹಿಂಗಾರವೇ ಇಷ್ಟ, ಅದು ನಮ್ಮ ಮಣ್ಣಿನ ಸೊಗಡು ಎಂದು ನಾನು ಸಂಘಟಕರಿಗೆ ಉಪನ್ಯಾಸ ಕೊಟ್ಟೆ. ಕೈಯಿಂದ ತಡವಿ ಬಿಡಿಸಬಹುದಾದ ಏಕೈಕ ಉದ್ಘಾಟನೆ ಅದು.

ಹಾಗೆಯೇ ಒಂದು ಚುನಾವಣೆಯನ್ನೂ ಗೆದ್ದೆವು. ಗೆದ್ದದ್ದು ಎಂದಿನಂತೆ ನೆರಿಯದವರ ಎದುರು. ಕಾಡಿನಂಚಿನ ನೆರಿಯದ ಹಿರಿಯರೊಬ್ಬರು ಪ್ರತಿ ಚುನಾವಣೆಯಲ್ಲಿಯೂ ನಮ್ಮ ಸಚಿವರ ವಿರುದ್ಧ ನಿಲ್ಲುತ್ತಿದ್ದರು, ಪ್ರತಿ ಸಲವೂ ಸೋಲುತ್ತಿದ್ದರು. ನಮ್ಮಲ್ಲಿ ಮನುಷ್ಯನನ್ನು ಊರಿನ ಹೆಸರಿನಿಂದಲೇ ಕರೆಯುವ ಕ್ರಮವಿರುವುದರಿಂದ ಅವರು ಎಲ್ಲರಿಗೂ 'ನೆರಿಯದವರು'. ಇಬ್ಬರೂ ಶಾಲೆಯಲ್ಲಿ ಒಂದೇ ಬೆಂಚಿನವರು. ಮೈಕಿನ ಮುಂದೆ ಮಾತ್ರ ಒಬ್ಬರು ಇನ್ನೊಬ್ಬರನ್ನು ಹಸಿಹಸಿಯಾಗಿ ತಿನ್ನುತ್ತಿದ್ದರು.

ಮುಂದಿನ ಚುನಾವಣೆ ಹತ್ತಿರ ಬರುವಾಗ ಯಾರೋ ಬೆಂಗಳೂರಿಗೆ ಸುದ್ದಿ ಮುಟ್ಟಿಸಿದರು: ಸಚಿವರ ಆರೋಗ್ಯ ಸರಿ ಇಲ್ಲ. ಪಕ್ಷ ಒಬ್ಬ ವೀಕ್ಷಕರನ್ನು ಕಳಿಸಿತು. ಒಂದು ಇಡೀ ದಿನ ಸಚಿವರ ಜೊತೆ ಕಾರಿನಲ್ಲೇ ತಿರುಗಿ ವರದಿ ಕೊಡುವುದು ಅವರ ಕೆಲಸ. ಆ ದಿನ ಸಂಜೆಯೊಳಗೆ ಗುಟ್ಟು ಉಳಿದರೆ ಟಿಕೆಟು, ಇಲ್ಲವಾದರೆ ಇಲ್ಲ. ನೀತಿ ಸಂಹಿತೆ ಜಾರಿಯಾಗುವ ಮೊದಲು ಉದ್ಘಾಟನೆಗಳನ್ನೆಲ್ಲ ಮುಗಿಸುವ ಅವಸರವೂ ಇತ್ತು. ಬೆಳಗ್ಗೆ ಶಿರ್ತಾಡಿಯಲ್ಲಿ ಶಾಲಾ ಕೊಠಡಿ, ಮಧ್ಯಾಹ್ನ ನರಿಕೊಂಬಿನಲ್ಲಿ ನೀರಿನ ಟ್ಯಾಂಕಿ, ಸಂಜೆ ನೆರಿಯದಲ್ಲಿ ತೂಗುಸೇತುವೆ.

ವೀಕ್ಷಕರು ಮುಂದಿನ ಸೀಟಿನಲ್ಲಿ ಕುಳಿತರು. ಈಗ ಚಾಲಕ ಸಚಿವರಿಗೆ ಹೇಳುವುದು ಹೇಗೆ? ಅವನು ಶಿರ್ತಾಡಿಯ ತಿರುವಿನಲ್ಲಿ ಗಂಟಲು ಸರಿಮಾಡಿಕೊಂಡ.

"ಸಾರ್, ಇದು ಶಿರ್ತಾಡಿ. ಬಲಗಡೆ ಹಾರ ಹಿಡ್ಕೊಂಡು ನಿಂತವರು ಪಂಚಾಯತ್ ಅಧ್ಯಕ್ಷರು. ಅವರ ಹಿಂದೆ ಹೆಡ್‌ಮಾಸ್ಟ್ರು, ಹೊಸಬರು. ಶಾಲೆಗೆ ಮೂರು ಮೆಟ್ಲು ಉಂಟು."

"ಮೆಟ್ಲೆಲ್ಲ ನಂಗ್ಯಾಕಪ್ಪ?" ಎಂದರು ವೀಕ್ಷಕರು.

"ನೀವು ಹೊಸಬರಲ್ವಾ ಸಾರ್, ಎಡವಿದರೆ ನಮಗೆ ಕೆಟ್ಟ ಹೆಸರು."

ಹಿಂದಿನ ಸೀಟಿನಲ್ಲಿ ಸಚಿವರು ಕಿಟಕಿಯತ್ತ ಮುಖ ತಿರುಗಿಸಿ, ನಗು ನುಂಗಿಕೊಂಡರು. ನನಗೆ ಮಾತ್ರ ನಗು ಬರಲಿಲ್ಲ. ವೇದಿಕೆಯ ಮೇಲೆ ಎಣ್ಣೆ ತುಂಬಿದ ಕಾಲುದೀಪ ಹೊಳೆಯುತ್ತಿತ್ತು. ಹಿಂಗಾರ ಎಲ್ಲಿ ಎಂದು ನಾನು ಹೆಡ್‌ಮಾಸ್ಟರರನ್ನು ಹಲ್ಲು ಕಚ್ಚಿ ಕೇಳಿದೆ.

"ಸಿಕ್ಕಿತ್ತು. ಆದರೆ ವಿದ್ಯಾಸಂಸ್ಥೆಯಲ್ಲಿ ಜ್ಯೋತಿಯೇ ಶ್ರೇಷ್ಠ ಅಂತ ನನ್ನ ಅಭಿಪ್ರಾಯ" ಎಂದರು ಆ ಪುಣ್ಯಾತ್ಮ.

ಸಚಿವರ ಕೈಗೆ ಉರಿಯುವ ಮೇಣದ ಬತ್ತಿ ಬಂತು. ನಾನು ಮೊಣಕೈ ಹಿಡಿದು ಗೌರವಪೂರ್ವಕವಾಗಿ ತಿರುಗಿಸಿದೆ. ಮೊದಲ ಬತ್ತಿ ಹತ್ತಿತು. ಎರಡನೆಯದು ಸಿಗಲಿಲ್ಲ. ಅವರು ಮತ್ತಷ್ಟು ಬಾಗಿದಾಗ ಹೆಗಲ ಶಾಲಿನ ತುದಿ ಮೊದಲ ಜ್ವಾಲೆಯ ಮೇಲೆ ಇಳಿಯಿತು. ಸುಟ್ಟ ವಾಸನೆ ಮೂಗಿಗೆ ಬಡಿಯಿತು. ನಾನು ಶಾಲನ್ನು ಮುಷ್ಟಿಯಲ್ಲಿ ಹಿಸುಕಿ ಆರಿಸಿದೆ, ಅಂಗೈ ಚುರ್ರೆಂದಿತು.

ಸಚಿವರು ಮೈಕಿನ ಕಡೆ ತಿರುಗಿ, "ಈ ಶಾಲೆಯ ದೀಪದಲ್ಲಿ ಇಷ್ಟು ಶಕ್ತಿ ಉಂಟು ಅಂತಾದರೆ ವಿದ್ಯುತ್ ಸಚಿವರಿಗೆ ಹೇಳ್ತೇನೆ, ಲೈನ್ ಎಳೆಯುವ ಖರ್ಚು ಉಳಿಯಿತು" ಎಂದರು. ಜನ ಬಿದ್ದು ಬಿದ್ದು ನಕ್ಕರು. ವೀಕ್ಷಕರೂ ನಕ್ಕರು. ಕಾರು ಹತ್ತುವಾಗ ಮಾತ್ರ, "ಸಾಹೇಬ್ರು ಕನ್ನಡಕ ಹಾಕಲ್ವಾ?" ಎಂದು ನನ್ನನ್ನು ಕೇಳಿದರು. "ಹಾಕಿದರೆ ವಯಸ್ಸು ಕಾಣ್ತದೆ ಅಂತ" ಎಂದೆ. ಅವರು ತಲೆಯಾಡಿಸಿದರು. ನಂಬಿದ ತಲೆಯಾಟವೋ ನಂಬದ್ದೋ ತಿಳಿಯಲಿಲ್ಲ.

ನರಿಕೊಂಬಿನಲ್ಲಿ ನಳ್ಳಿ ತಿರುಗಿಸುವುದಷ್ಟೇ ಇದ್ದುದರಿಂದ ಬಚಾವಾದೆವು. ನೆರಿಯ ಮುಟ್ಟುವಾಗ ಬಿಸಿಲು ಇಳಿದಿತ್ತು. ಹೊಳೆಯ ಈಚೆ ದಡದಲ್ಲಿ ಚಪ್ಪರ, ಹಿಂಗಾರ, ಎಲ್ಲವೂ ನನ್ನ ಉಪನ್ಯಾಸದ ಪ್ರಕಾರವೇ ಇತ್ತು. ಸಚಿವರು ಹಿಂಗಾರವನ್ನು ಚೆಂದಕ್ಕೆ ಅರಳಿಸಿದರು. ಮುಗಿಯಿತೆಂದು ನಾನು ಉಸಿರು ಬಿಡುವಾಗ ಇಂಜಿನಿಯರ್ ಮುಂದೆ ಬಂದರು.

"ಇನ್ನು ಸಚಿವರು ದಾಟುವುದು. ಮೊದಲು ಒಬ್ಬರೇ ಹೋಗಬೇಕು, ಒಟ್ಟಿಗೆ ಹತ್ತಿದರೆ ತುಂಬಾ ತೂಗ್ತದೆ." ಆಮೇಲೆ ನನ್ನ ಕಿವಿಯಲ್ಲಿ, "ಅವಸರದಲ್ಲಿ ನಡುವಿನ ಎಡಗಡೆ ಕೈಹಿಡಿಯುವ ಬಲೆ ಕಟ್ಟಲಿಕ್ಕಾಗಲಿಲ್ಲ. ನೋಡಿಕೊಂಡು ಹೋದರೆ ಸಾಕು" ಎಂದರು.

ನೋಡಿಕೊಂಡು! ನಾನು ಬಾಯಿ ತೆರೆಯುವಷ್ಟರಲ್ಲಿ ಸಚಿವರು ಬಲಗಡೆಯ ಕಬ್ಬಿಣದ ಸರಿಗೆಯ ಮೇಲೆ ಕೈಯಿಟ್ಟು ಹಲಗೆಯ ಮೇಲೆ ಕಾಲಿಟ್ಟಾಗಿತ್ತು. ನಾನು ಹಿಂದೆ ಹೋಗಹೊರಟರೆ ಇಂಜಿನಿಯರ್ ತಡೆದರು. ಪಕ್ಕದಲ್ಲಿ ವೀಕ್ಷಕರು ಕೈಕಟ್ಟಿ ನಿಂತಿದ್ದರು. ಕೂಗಿದರೆ ಟಿಕೆಟು ಹೋಗುತ್ತದೆ, ಕೂಗದಿದ್ದರೆ ಸಚಿವರೇ ಹೋಗಬಹುದು. ಕೆಳಗೆ ನೀರು ಕಡಿಮೆ, ಅಲ್ಲಿದ್ದದ್ದು ಬಂಡೆ.

ಅವರು ಪಾದದಿಂದ ಹಲಗೆಯನ್ನು ತಡವುತ್ತಾ ಹೋದರು. ಈಚೆ ದಡದವರಿಗೆ ಅದು ಗಾಂಭೀರ್ಯದ ನಡಿಗೆಯಂತೆ ಕಂಡಿರಬೇಕು. ನಡು ಮುಟ್ಟುವಾಗ ಘಟ್ಟದ ಕಡೆಯಿಂದ ಗಾಳಿ ಬಂತು. ಸೇತುವೆ ವಾಲಿತು. ಸಚಿವರು ಆಯ ತಪ್ಪಿ, ಆಧಾರಕ್ಕೆಂದು ಎಡಗೈ ಚಾಚಿದರು. ಅಲ್ಲಿ ಏನೂ ಇರಲಿಲ್ಲ. ಆ ಕೈ ಗಾಳಿಯಲ್ಲಿ ಹುಡುಕಿತು, ಮತ್ತೆ ಹುಡುಕಿತು.

"ಸಾಹೇಬ್ರೇ!" ಎಂದು ಚಾಲಕ ಪಿಸುಗುಟ್ಟಿದ.

ಆಗ ಆಚೆ ದಡದ ಗುಂಪಿನಿಂದ ಒಬ್ಬರು ಪಂಚೆ ಎತ್ತಿ ಕಟ್ಟಿ ಸೇತುವೆ ಹತ್ತಿದರು. ನೆರಿಯದವರು! "ಒಬ್ಬರೇ, ಒಬ್ಬರೇ!" ಎಂದು ಇಂಜಿನಿಯರ್ ಅರಚಿದರು. ಸೇತುವೆ ಇನ್ನಷ್ಟು ತೂಗಿತು. ಅವರು ಬಲೆಯಿಲ್ಲದ ಕಡೆಗೇ ಬಂದು ನಿಂತು, ಸಚಿವರ ಹುಡುಕುವ ಕೈಯನ್ನು ಹಿಡಿದರು. ಏನೋ ಮಾತಾಡಿಕೊಂಡರು; ನಮಗೆ ಕೇಳಿಸಲಿಲ್ಲ. ಆಮೇಲೆ ನೆರಿಯದವರು ಎರಡೂ ದಡಕ್ಕೆ ಕೇಳುವಂತೆ ಕೂಗಿದರು:

"ನನ್ನ ಮಂಡಿ ಹಿಡಿಯಿತು ಮಾರಾಯ! ಆಚೆ ಮುಟ್ಟಿಸು ನನ್ನನ್ನು!"

ಇಬ್ಬರು ಮುದುಕರೂ ತೋಳು ಹಿಡಿದುಕೊಂಡು ನಿಧಾನಕ್ಕೆ ಆಚೆ ದಡ ಸೇರಿದರು. ಜನ ಸೀಟಿ ಹೊಡೆದರು. ವೀಕ್ಷಕರು ನನ್ನ ಬೆನ್ನು ತಟ್ಟಿ, "ನೋಡ್ರಿ, ವಿರೋಧಿಗೇ ಕೈ ಕೊಟ್ಟು ದಾಟಿಸ್ತಾರೆ. ಏನು ಮನುಷ್ಯ!" ಎಂದರು. ನಾನು ಒಪ್ಪಿದೆ.

ಸುತ್ತುಬಳಸಿ ಆಚೆ ದಡಕ್ಕೆ ಕಾರು ಒಯ್ದು ಸಚಿವರನ್ನು ಕರೆತಂದೆವು. ಬೆಳ್ತಂಗಡಿಯ ಪ್ರವಾಸಿ ಮಂದಿರದಲ್ಲಿ ಚಹಾ ಬಂತು. ವೀಕ್ಷಕರು ತೃಪ್ತರಾಗಿದ್ದರು. "ಕುದುರೆ ಥರ ಇದ್ದೀರಿ ಸಾರ್. ಹಾಗೇ ಬರೀತೀನಿ. ಟಿಕೆಟ್ ನಿಮ್ಮದೇ."

ನಾನು ಚಾಲಕನ ಮುಖ ನೋಡಿದೆ. ಅವನು ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಿದ್ದ. ಸಚಿವರು ಕಪ್ಪನ್ನು ಮೇಜಿನ ಮೇಲೆ ತಡವಿ ಇಟ್ಟರು.

"ಬರೆಯಬೇಡಿ. ನಿಮ್ಮ ಮುಖ ಎಲ್ಲಿ ಉಂಟು ಅಂತ ನನಗೆ ಕಾಣುವುದಿಲ್ಲ. ಬೆಳಗ್ಗಿನಿಂದ ನಿಮ್ಮ ಅತ್ತರಿನ ವಾಸನೆ ನೋಡಿ ಮಾತಾಡ್ತಾ ಇದ್ದೇನೆ. ಬೇರೆಯವರಿಗೆ ಕೊಡಿ."

ವೀಕ್ಷಕರು ಎದ್ದು ಸಚಿವರ ಕೈಯನ್ನೊಮ್ಮೆ ಒತ್ತಿ ಹಿಡಿದು, ಹೊರಟುಹೋದರು.

ಅಂಗೈ ಸುಟ್ಟುಕೊಂಡವನಿಗೆ ಸಿಟ್ಟು ಬರುವುದು ಸಹಜ. "ಎಲ್ಲ ದಾಟಿದ ಮೇಲೆ ಎಂತಕ್ಕೆ ಹೇಳಿದಿರಿ?" ಎಂದು ಕೇಳಿಯೇಬಿಟ್ಟೆ. ಆಗ ಸೇತುವೆಯ ಮೇಲಿನ ಮಾತು ಹೊರಗೆ ಬಂತು.

"ಅವನು ಕೈ ಹಿಡಿದು, 'ಯಾವಾಗಿಂದ?' ಅಂತ ಕೇಳಿದ. ಎಂತದು ಅಂದೆ. 'ಗಾಳಿ ಹಿಡಿತಾ ಇದ್ದೀ ನೀನು. ಯಾವಾಗಿಂದ ಹೇಳು' ಅಂದ. ಕಳೆದ ಚುನಾವಣೆಗೂ ಮೊದಲಿಂದ ಅಂದೆ. 'ಹಾಗಾದರೆ ಕಳೆದ ಸಲ ನಾನು ಸೋತದ್ದು ಕಣ್ಣು ಕಾಣದವನ ಹತ್ತಿರವಾ? ಯಾರಿಗೂ ಹೇಳಬೇಡ ಮಾರಾಯ, ನನ್ನ ಮರ್ಯಾದೆ ಪ್ರಶ್ನೆ' ಅಂದ." ಸಚಿವರು ನಗಲು ಹೋದರು, ಆಗಲಿಲ್ಲ. "ಬಲೆ ಇಲ್ಲದ ಕಡೆಗೆ ಬಂದು ನಿಂತ ಅವನು. ಬಿದ್ದಿದ್ದರೆ ನನ್ನ ಟಿಕೆಟಿಗಾಗಿ ಬೀಳುತ್ತಿದ್ದ. ಇನ್ನು ಮೈಕಿನಲ್ಲಿ ಅವನ ಮೇಲೆ ಎಂತ ಹೇಳಲಿ ನಾನು?"

ಮರುದಿನ ಬೆಳಗ್ಗೆ ಸುದ್ದಿ ಕೇಳಿ ನೆರಿಯದವರು ಸಚಿವರ ಜಗಲಿಗೆ ಬಂದರು. ಅಷ್ಟು ಸಿಟ್ಟಿನಲ್ಲಿ ಅವರನ್ನು ಯಾವ ಪ್ರಚಾರ ಸಭೆಯಲ್ಲೂ ನಾನು ಕಂಡಿರಲಿಲ್ಲ.

"ಬಾಯಿ ಮುಚ್ಚಿ ಕೂತದ್ದು ಎಂತಕ್ಕೆ ನಾನು? ಊರಿಡೀ ಕುಂಟಿದ್ದು ಎಂತಕ್ಕೆ? ನೀನಿಲ್ಲದಿದ್ದರೆ ನಾನು ಯಾರ ಹತ್ತಿರ ಸೋಲುವುದು? ನಾನೂ ನಿಲ್ಲುವುದಿಲ್ಲ!"

"ನಿಲ್ಲಬೇಕು ನೀನು" ಎಂದರು ಸಚಿವರು. "ಓಟು ನನ್ನ ಪಕ್ಷಕ್ಕೇ ಹಾಕ್ತೇನೆ, ಅದು ಬೇರೆ. ಆದರೆ ನೀನು ನಿಲ್ಲಬೇಕು."

ಅವರು ನಿಂತರು. ಸಚಿವರ ಪಕ್ಷ ಹೊಸ ಯುವಕನೊಬ್ಬನನ್ನು ನಿಲ್ಲಿಸಿತು. ಎಣಿಕೆಯ ದಿನ ಕಾರ್ಯಕರ್ತರು ಪಟಾಕಿ ಸಿಡಿಸುತ್ತಾ, ಲಡ್ಡು ಹಿಡಿದು ಸಚಿವರ ಮನೆಗೆ ಬಂದರು. ಯುವಕ ಗೆದ್ದ ಅಂತರವನ್ನು ಕೇಳಿ ಸಚಿವರ ಮುಖ ಸಣ್ಣದಾಯಿತು.

"ಅಷ್ಟು ದೊಡ್ಡ ಅಂತರದಲ್ಲಿ ನಾನು ಅವನನ್ನು ಯಾವತ್ತೂ ಸೋಲಿಸಿದವನಲ್ಲ. ಇವರಿಗೆ ಸೋಲಿಸುವ ಕ್ರಮ ಗೊತ್ತಿಲ್ಲ" ಎಂದರು. ಲಡ್ಡುವನ್ನು ಬಾಯಿಗೆ ಹಾಕದೆ ನನ್ನ ಕೈಯಲ್ಲಿಟ್ಟು ಎದ್ದು ನಿಂತರು. ಗೋಡೆ ಹಿಡಿದು, ಎಲ್ಲರೂ ನೋಡುತ್ತಿದ್ದಂತೆಯೇ, ಬಾಗಿಲಿನವರೆಗೆ ತಡವುತ್ತಾ ನಡೆದು ಚಾಲಕನನ್ನು ಕರೆದರು.

"ಕಾರು ತೆಗಿ. ನೆರಿಯಕ್ಕೆ ಹೋಗುವ."