ಒಂದೇ ದಿನ ಹಣ್ಣಾದ ಹುಳ

ಕಾಲೇಜಿನ ಹಬ್ಬಕ್ಕೆಂದು ಯಾರೋ ಲ್ಯಾಬಿನ ಹೊರಗೋಡೆಗೆ ಹಳೆಯ ಚಂದ್ರಂಕಿಯೊಂದನ್ನು ತೂಗುಹಾಕಿದ್ದರು. ರೇಷ್ಮೆಹುಳ ಗೂಡು ಕಟ್ಟುವ ಬಿದಿರಿನ ತಟ್ಟೆ ಅದು. ಹತ್ತಿರ ಹೋದೆ. ಹುಳದ ಹಿಕ್ಕೆಯ ವಾಸನೆ ಇನ್ನೂ ಇತ್ತು...

ನಮ್ಮೂರು ಮಾಂಬಳ್ಳಿಯಲ್ಲಿ ನಮ್ಮ ಹಿಂದಿನ ಬೀದಿಯವರೊಬ್ಬರು ಚಂದ್ರಂಕಿ ಬಾಡಿಗೆಗೆ ಕೊಡುತ್ತಿದ್ದರು. ನಾನು ಚಂದ್ರಂಕಿ ಮಾವ ಎನ್ನುತ್ತಿದ್ದೆ. ಇದ್ದ ಚಂದ್ರಂಕಿ ಸಾಲುವುದಕ್ಕಿಂತ ಹೆಚ್ಚು ಮನೆಗೆ ಮಾತು ಕೊಡುವುದು ಅವರ ಪದ್ಧತಿ. ಎಲ್ಲರ ಹುಳ ಒಂದೇ ದಿನ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವುದಿಲ್ಲವಲ್ಲ. ಒಂದು ಮನೆಯಲ್ಲಿ ಗೂಡು ಬಿಡಿಸಿದ ಮೇಲೆ ಚಂದ್ರಂಕಿಗಳು ಇನ್ನೊಂದಕ್ಕೆ ಹೋಗುತ್ತಿದ್ದವು. ಪೈಪೋಟಿ ಬಿದ್ದರೆ ಬಾಣಂತಿ ಇರುವ ಮನೆ ಮುಂದೆ, ಆಳುಕಾಳಿರುವ ಮನೆ ಹಿಂದೆ.

"ಎಲ್ಲರಿಗೂ ಊಂ ಅನ್ನದಿದ್ರೆ ಅರ್ಧ ಚಂದ್ರಂಕಿ ಅಟ್ಟದ್ ಮೇಲೇ ಕುಂತಿರ್ತವೆ ಕಣ್ಲಾ" ಎಂದು ನಗುತ್ತಿದ್ದರು.

ನಾನು ಬಿ.ಎಸ್ಸಿ. ಮುಗಿಸಿ ಊರಿಗೆ ಬಂದಿದ್ದೆ. ಎಪ್ಪತ್ತರ ದಶಕದ ಒಂದು ಬೇಸಿಗೆ. ಸೆಕೆ ಏರಿ ಎಲ್ಲರ ಹುಳವೂ ಒಟ್ಟಿಗೇ ಹಣ್ಣಾದವು. ಹಣ್ಣಾದ ಹುಳ ಕಾಯುವುದಿಲ್ಲ. ಚಂದ್ರಂಕಿ ಸಿಗದಿದ್ದರೆ ನೂಲನ್ನೆಲ್ಲ ಕಸದಲ್ಲೇ ಬಿಟ್ಟು ಮುಗಿಸುತ್ತದೆ. ಊರಲ್ಲಿ ಹೆಚ್ಚು ಹುಳ ನಮ್ಮದೇ. ಮಾವ ಗಾಡಿ ತಂದು, ನಮ್ಮ ಮನೆಗೆ ಇಳಿಸಿದ್ದ ಚಂದ್ರಂಕಿಗಳನ್ನು ಮತ್ತೆ ಹೇರತೊಡಗಿದರು.

ಅಪ್ಪ ಮಚ್ಚು ಹಿಡಿದು ಬಂದರು. "ಮಾತ್ ಕೊಟ್ಟಿದ್ದೆ ಅಲ್ವೇನ್ಲಾ?"

"ಕೊಟ್ಟಿದ್ದೆ ಕಣಣ್ಣ. ನಿನ್ನದೊಂದ್ ಮನೆ ಬುಟ್ರೆ ಮಿಕ್ಕವೆಲ್ಲ ಉಳೀತವೆ. ನೀನೇ ಯೋಳು, ಯಾರನ್ನ ಬುಡ್ಲಿ?"

ಮಚ್ಚು ಮೇಲೆದ್ದಿತು. ನಾನು ಅಪ್ಪನ ತೋಳಿಗೆ ಜೋತುಬಿದ್ದೆ. ಅದು ಮಾವನ ಕಿವಿಯ ಪಕ್ಕ ಹಾದು ಚಂದ್ರಂಕಿಯನ್ನು ಸೀಳಿತು. ಆ ಬಿದಿರಿನ ಸದ್ದು... ಈಗಲೂ ಕನಸಿನಲ್ಲಿ ಮಚ್ಚು ಒಂದು ಬೆರಳು ಈಚೆಗೆ, ಮಾವನ ಮೇಲೇ ಬೀಳುತ್ತದೆ. ಅವತ್ತು ಮಾವ ಸೀಳಿದ್ದನ್ನು ಪಕ್ಕಕ್ಕಿಟ್ಟು ಉಳಿದದ್ದನ್ನು ಹೇರಿದರು.

ನಮ್ಮ ಬೆಳೆ ಕಸವಾಯಿತು. ಉಳಿದವರೆಲ್ಲ ಗೂಡು ಬಿಡಿಸಿದರು. ಆದರೆ ಮುಂದಿನ ಬೆಳೆಗೆ ಅವರೆಲ್ಲರೂ ಸ್ವಂತ ಚಂದ್ರಂಕಿ ಹೆಣೆಸಿಕೊಂಡರು. "ಇನ್ನೊಂದ್ ಸಲ ನಮ್ಮನೇನೇ ಬುಟ್ಟಾನು" ಎಂದರು. ಮಾವನ ಅಟ್ಟಕ್ಕೆ ಗೆದ್ದಲು ಹಿಡಿಯಿತು. ಒಂದು ದಿನ ಮನೆಗೆ ಬೀಗ ಬಿದ್ದಿತ್ತು. ಹನೂರಿನ ಕಡೆ ಹೋದರಂತೆ...

ಈಗ ನಾನು, ನಿವೃತ್ತಿಯ ನಂತರವೂ, ಈ ಕಾಲೇಜಿನಲ್ಲಿ ಆಪರೇಟಿಂಗ್ ಸಿಸ್ಟಮ್ ಪಾಠ ಮಾಡುತ್ತೇನೆ. ಕಂಪ್ಯೂಟರ್ ಕೂಡ ಇರುವುದಕ್ಕಿಂತ ಹೆಚ್ಚು ಮೆಮೊರಿ ಕೊಡಲು ಒಪ್ಪಿಕೊಂಡಿರುತ್ತದೆ. ಎಲ್ಲ ಪ್ರೋಗ್ರಾಮ್‌ಗಳೂ ಒಟ್ಟಿಗೇ ಕೇಳಿಬಿಟ್ಟರೆ, ಉಳಿಸಲೇಬೇಕಾದವನ್ನು ಬಿಟ್ಟು, ಸಾಮಾನ್ಯವಾಗಿ ಹೆಚ್ಚು ಜಾಗ ಹಿಡಿದದ್ದನ್ನು ಕೊಂದು ಮಿಕ್ಕವನ್ನು ನಡೆಸುತ್ತದೆ. ಇವತ್ತು ಹುಡುಗಿಯೊಬ್ಬಳು ಕೇಳಿದಳು: "ಸಾರ್, ಉಳಿದ ಪ್ರೋಗ್ರಾಮ್‌ಗಳು ಆಮೇಲೆ ಅದನ್ನ ನಂಬುತ್ತವಾ?"

"ನಂಬುತ್ತವಮ್ಮ. ಅವಕ್ಕೆ ನೆನಪಿರುವುದಿಲ್ಲ" ಎಂದೆ.

ಹೊರಗೆ ಬಂದು ಚಂದ್ರಂಕಿಯನ್ನು ಮುಟ್ಟಿದೆ. ಮಾವ ಎಲ್ಲಿ ತೀರಿಕೊಂಡರೋ ತಿಳಿಯದು. ಅವರಿಗೆ ಸಿಕ್ಕವರು, ಯಾವುದನ್ನೂ ಮರೆಯದ ನಾವು.