'ವಿ., ಹಿರೇಗುತ್ತಿ'

ವಿಮಲಾ, ಆ ಪತ್ರ ಬರೆದವಳು ನಾನು. ಗಜಾನನ ಅಲ್ಲ.

ಹೊನ್ನಾವರದಲ್ಲಿ ನಾವಿಬ್ಬರೂ ಪಿಯುಸಿ ಓದುತ್ತಿದ್ದಾಗ, ಹದಿಹರೆಯದವರಿಗೆಂದೇ ಬರುತ್ತಿದ್ದ ಆ ಮಾಸಪತ್ರಿಕೆಗೆ ಇಡೀ ತರಗತಿ ಕಾಯುತ್ತಿತ್ತು. ಒಂದೇ ಪ್ರತಿ, ಹತ್ತಾರು ಕೈ. ಎಲ್ಲರೂ ಮೊದಲು ತೆರೆಯುತ್ತಿದ್ದುದು ಓದುಗರು ಮನಸ್ಸಿನ ಕಷ್ಟ ಬರೆದು ಸಲಹೆ ಕೇಳುವ ಪುಟವನ್ನು. ನಾನು ಕಳಿಸಿದ ಕವನಗಳೆಲ್ಲ ವಾಪಸು ಬಂದಿದ್ದವು. ಒಮ್ಮೆಯಾದರೂ ನನ್ನ ಸಾಲುಗಳು ಅಚ್ಚಾಗಬೇಕು — ಆ ಹುಚ್ಚು.

ಟೈಪಿಂಗ್ ಕಲಿಸುವ ಗಜಾನನನ ಮೇಲೆ ನಿನಗೆ ಮನಸ್ಸಾದದ್ದು, ಮನೆಯಲ್ಲಿ ನಿನ್ನನ್ನು ಸೋದರಮಾವನ ಮಗನಿಗೆ ಕೊಡುವ ಮಾತಾದದ್ದು — ಎಲ್ಲವನ್ನೂ ನೀನು ನನ್ನ ಹತ್ತಿರ ಹೇಳಿಕೊಂಡೆ. ಆ ವಾರವೇ ನಾನು ಅದನ್ನು ನಿನ್ನ ದನಿಯಲ್ಲಿ ಬರೆದು ಆ ಪುಟಕ್ಕೆ ಕಳಿಸಿದೆ. ನಿಜದ ಊರಿದ್ದರೆ ಸಂಪಾದಕರು ನಂಬುತ್ತಾರೆಂದು ಕೆಳಗೆ 'ವಿ., ಹಿರೇಗುತ್ತಿ' ಎಂದು ಹಾಕಿದೆ.

ಅಚ್ಚಾಯಿತು. ಹೇಳಲು ನಾಚಿಕೆ — ಮೊದಲು ನಾನು ಹಿಗ್ಗಿದೆ.

ನಿಮ್ಮೂರ ಕ್ಷೌರದಂಗಡಿಯಲ್ಲಿ ನಿನ್ನಣ್ಣ ಅದನ್ನು ಓದಿದ. ಹೊನ್ನಾವರಕ್ಕೆ ಟೈಪಿಂಗ್ ಕಲಿಯಲು ಹೋಗುವ 'ವಿ.' ಆ ಊರಲ್ಲಿ ಇನ್ನಾರಿದ್ದರು? ನಿನ್ನ ಕಾಲೇಜು ಅಲ್ಲಿಗೇ ನಿಂತಿತು. ನಾನು ನಿನ್ನನ್ನು ಕಾಣಲು ಬಂದಾಗ ನೀನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ತಲೆಯೆತ್ತದೆ ಕೇಳಿದೆ:

"ಅವನೇ ಬರ್ದದ್ದಾ? ನಿಂಗೆ ಬಿಟ್ರೆ ಅವಂಗೆ ಮಾತ್ರ ಗೊತ್ತಿತ್ತು."

ಆಗ ಹೇಳಬಹುದಿತ್ತು. ಬಾಯಿಯವರೆಗೂ ಬಂದಿತ್ತು —

"ಅವನೇ ಆಗಿರ್ಬೇಕು" ಎಂದೆ.

ನೀನು ಮತ್ತೆ ಅವನ ಮುಖ ನೋಡಲಿಲ್ಲ. ಸೋದರಮಾವನ ಮಗನನ್ನೇ ಮದುವೆಯಾಗಿ ಕುಮಟೆಗೆ ಹೋದೆ. ಗಜಾನನ ಒಂದು ದಿನ ಕಾಲೇಜಿನ ಗೇಟಿನಲ್ಲಿ ನನ್ನನ್ನು ನಿಲ್ಲಿಸಿ, "ನಾ ಎಂತ ತಪ್ಪು ಮಾಡ್ದೆ?" ಎಂದು ಕೇಳಿದ. ಗೊತ್ತಿಲ್ಲ ಎಂದೆ. ಆಮೇಲೆ ಅವನು ಊರು ಬಿಟ್ಟ. ಎಲ್ಲಿದ್ದಾನೋ, ಇದ್ದಾನೋ ಇಲ್ಲವೋ — ನಾನು ವಿಚಾರಿಸಲೇ ಇಲ್ಲ.

ಹೋದ ತಿಂಗಳು ಕುಮಟೆಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ನೀನು ನನ್ನ ಕೈ ಹಿಡಿದು ಸೊಸೆಗೆ ಹೇಳಿದೆ: "ನನ್ನ ಕಷ್ಟಕಾಲ್ದಲ್ಲಿ ನೋಡೂಕೆ ಬಂದವ್ಳು ಇವಳೊಬ್ಬಳೇ."

ನಾನು ನಕ್ಕೆ. ಆ ನಗು ಇನ್ನೂ ಮುಖಕ್ಕೆ ಅಂಟಿಕೊಂಡಂತಿದೆ.

ಹದಿನೇಳರ ಬುದ್ಧಿ ಎನ್ನಬಹುದು. ಆದರೆ ಐವತ್ತೈದರವರೆಗೆ ಸುಮ್ಮನಿದ್ದವಳು ಹದಿನೇಳರವಳಲ್ಲ.

ಭಾನುವಾರ ನಿನ್ನ ಮನೆಗೆ ಬರುತ್ತೇನೆ. ಎದುರು ನಿಂತರೆ ನಾಲಿಗೆ ಮತ್ತೆ ಸುಳ್ಳಿಗೆ ಹೊರಳೀತೆಂದು ಇದನ್ನು ಮೊದಲೇ ಕಳಿಸುತ್ತಿದ್ದೇನೆ. ಬಾಗಿಲು ತೆಗೆಯಲೇಬೇಕೆಂದಿಲ್ಲ. ಅಂಗಳದಲ್ಲೇ ನಿಂತು, ನಿನ್ನ ಸೊಸೆಗೂ ಕೇಳುವಂತೆ ಹೇಳಿ ಹೋಗುತ್ತೇನೆ.